ಸುರುಳಿ ಬಿಚ್ಚಿದವರಿಗೆ ಪಲ್ಯವಿಲ್ಲ

೧೩ ಜನವರಿ ೧೯೯೨, ಸೋಮವಾರ
ಸಿಂಧನೂರು

ಇವತ್ತು ಇಡೀ ದಿನ ಎರಡೇ ಸಲ ಬಾಯಿ ತೆರೆದೆ. ಹಾಜರಿ ಕೂಗಿದಾಗ ‘ಪ್ರೆಸೆಂಟ್ ಸರ್’ ಅಂದೆ. ಅತ್ತೆ ಇನ್ನೊಂದು ರೊಟ್ಟಿ ಹಾಕಲೇನು ಅಂದಾಗ ‘ಸಾಕು’ ಅಂದೆ. ಹೀಗೇ ಇನ್ನು ಮೂರು ತಿಂಗಳು ಕಳೆದರೆ ಸೂಗಪ್ಪನ ಮಗಳು ಪಾರ್ವತೆಮ್ಮ ಸುಧಾರಿಸಿದಳು ಅಂತ ಮಸ್ಕಿಯಲ್ಲಿ ಡಂಗುರ ಹೊಡೆಸಬಹುದು.

ಎಲ್ಲ ಆ ಲಿಂಗಸುಗೂರಿನವರ ದೆಸೆಯಿಂದ. ನಿಶ್ಚಯವಾಗಿತ್ತು, ಎಲೆ ಅಡಿಕೆ ಹಂಚಿಯಾಗಿತ್ತು. ಹುಡುಗನ ಅಪ್ಪ ನಮ್ಮ ಪಡಸಾಲೆಯ ಗೋಡೆಗೆ ಒರಗಿಕೊಂಡು, “ಮಸ್ಕಿ ಅಂದ್ರ ನಮ್ಮ ತಾಲೂಕಿನ ಕೈಕೆಳಗಿನ ಊರು. ಒಂದು ಹೊಲದ ಉತಾರ ಬೇಕಂದ್ರೂ ನೀವು ನಮ್ಮೂರಿನ ಕಚೇರಿಗೇ ಬರಬೇಕು” ಅಂತ ಮೂರನೆಯ ಸಲ ಹೇಳಿದ. ನಾನು ಚಹಾ ಹಿಡಿದು ನಿಂತಿದ್ದೆ. ತಡೆದುಕೊಳ್ಳಲಾಗಲಿಲ್ಲ. “ನಿಮ್ಮ ಕಚೇರಿ ಹುಟ್ಟೂಕಿಂತ ಎರಡು ಸಾವಿರ ವರ್ಷ ಮೊದಲ ಅಶೋಕ ನಮ್ಮೂರಾಗ ಕಲ್ಲಿನ ಶಾಸನ ಬರಿಸ್ಯಾನ್ರಿ. ಆತ ಉತಾರಕ್ಕ ಎಲ್ಲಿಗೆ ಹೋಗಿದ್ನೋ ಏನೋ” ಅಂದುಬಿಟ್ಟೆ. ಎಲ್ಲರೂ ನಕ್ಕರು. ಹುಡುಗನೂ ನಕ್ಕ. ಆ ವಾರದ ಕೊನೆಗೆ ಹೇಳಿ ಕಳಿಸಿದರು: ಹುಡುಗಿ ಬಾಯಿ ಜೋರು, ನಮಗೆ ಬೇಡ.

ಮೊದಲು ದಿನಾ ಮಸ್ಕಿಯಿಂದ ಬಸ್ಸಿನಲ್ಲೇ ಕಾಲೇಜಿಗೆ ಬರುತ್ತಿದ್ದೆ. ಈಗ ಬಸ್ಸಿನಲ್ಲಿ ಕಂಡ ಕಂಡವರು ‘ಯಾಕ ಮುರೀತು’ ಅಂತ ಕೇಳುತ್ತಾರೆಂದು ಅಪ್ಪ ನನ್ನನ್ನು ಸಿಂಧನೂರಿಗೆ, ತನ್ನ ಅಕ್ಕ ವೀರಭದ್ರಮ್ಮತ್ತೆಯ ಮನೆಗೆ ತಂದು ಬಿಟ್ಟಿದ್ದಾನೆ. “ಇನ್ನೊಂದು ಮನೆತನ ಸಿಗೂತನಕ ಓದು. ಸಿಕ್ಕ ದಿನ ಪುಸ್ತಕ ಕಟ್ಟಿಡು” ಅಂದು ಹೋದ. ಬಿಎ ಕೊನೆಯ ಪರೀಕ್ಷೆ ಏಪ್ರಿಲ್ ಇಪ್ಪತ್ತಕ್ಕೆ. ಅದೊಂದನ್ನು ಬರೆದುಬಿಡಬೇಕು, ನನಗೆ ಬೇರೇನೂ ಬೇಡ. ಸುಮ್ಮನಿದ್ದರೆ ಅಪ್ಪನ ಸಿಟ್ಟು ಇಳಿದು ಬರೆಯಲು ಬಿಟ್ಟಾನು ಅಂತ ಆಸೆ. ಅದಕ್ಕೇ ಈ ಮೌನವ್ರತ. ಒಳಗಿನದನ್ನೆಲ್ಲ ಇಲ್ಲಿ ಕಕ್ಕುತ್ತೇನೆ, ಇಲ್ಲದಿದ್ದರೆ ಹೊಟ್ಟೆ ಉಬ್ಬಿ ಸತ್ತೇನು.

೨೦ ಜನವರಿ, ಸೋಮವಾರ

ಎಂಥಾ ಕೆಲಸ ಮಾಡಿದೆ.

ನನ್ನ ಕ್ಲಾಸಿನ ಅಖ್ತರಬೇಗಂ ಹದಿನೈದು ದಿನದಿಂದ ಬೆನ್ನು ಹತ್ತಿದ್ದಳು. ಅವಳ ಸೋದರಮಾವ ಜಿಲಾನಿಸಾಬರು ಎಂಟು ವರ್ಷ ಕುವೈತಿನಲ್ಲಿ ಒಬ್ಬ ಗ್ರೀಕನ ಅಂಗಡಿಯಲ್ಲಿ ಅಡಿಗೆ ಮಾಡಿದವರು. ಯುದ್ಧವಾಗಿ ಕೈಬೀಸಿಕೊಂಡು ಬಂದಿದ್ದಾರೆ. ಈಗ ಬಸ್ ನಿಲ್ದಾಣದ ಹಿಂದೆ ಒಂದು ಬಂಡಿ, ಮೇಲೆ ತಗಡು, ‘ಗ್ರೀಕ್ ರೋಲ್ ಸೆಂಟರ್’ ಅಂತ ಬೋರ್ಡು. ಸೋಮವಾರ ಪೂರಾ ಸಸ್ಯಾಹಾರ, ಹೆಂಚೂ ಬೇರೆ, ಪಾತ್ರೆಯೂ ಬೇರೆ. “ನಿನ್ನ ಸಲುವಾಗೇ ಸೋಮವಾರ ಇಟ್ಟಾರ ಅಂತ ತಿಳ್ಕೊ, ಬಾ” ಅಂತ ಅಖ್ತರ್ ಕೈ ಹಿಡಿದು ಎಳೆದಳು. ನಮ್ಮ ಇನ್ನೊಬ್ಬ ಗೆಳತಿ ಗೊರೇಬಾಳದ ಹೊನ್ನೂರಮ್ಮ ಮೊದಲೇ ತಯಾರಾಗಿ ನಿಂತಿದ್ದಳು. ತಿನ್ನುವ ವಿಷಯದಲ್ಲಿ ಅವಳು ತಡ ಮಾಡಿದ್ದನ್ನು ನಾನು ಕಂಡಿಲ್ಲ.

ಹೋಟೆಲ್ಲಿನಲ್ಲಾದರೆ ಹೆಂಗಸರಿಗೆ ಪರದೆ ಕಟ್ಟಿದ ಫ್ಯಾಮಿಲಿ ರೂಮು ಇರುತ್ತದೆ. ಇಲ್ಲಿ ಬಂಡಿಯ ಹಿಂದೆ ಒಂದು ಬೆಂಚು, ಅಷ್ಟೇ. ನಾವು ಹಿಂದೆ ಮುಂದೆ ನೋಡುವುದನ್ನು ಕಂಡು ಜಿಲಾನಿಸಾಬರು ಕುವೈತಿನಿಂದ ತಂದ ಹುಲಿ ಚಿತ್ರದ ದಪ್ಪ ಚಾದರವನ್ನು ಹಗ್ಗಕ್ಕೆ ಹಾಕಿ ಮರೆ ಮಾಡಿದರು. ಹುಲಿಯ ಹಿಂದೆ ನಾವು ಮೂವರು ಕೂತೆವು.

ಮೈದಾಹಿಟ್ಟಿನ ದಪ್ಪ ರೊಟ್ಟಿ. ಒಳಗೆ ಹುರಿದ ಆಲೂಗಡ್ಡೆ, ಉಳ್ಳಾಗಡ್ಡಿ, ಟೊಮ್ಯಾಟೊ, ಮೇಲೆ ಸೌತೆಕಾಯಿ ಬೆಳ್ಳುಳ್ಳಿ ಹಾಕಿದ ಗಟ್ಟಿ ಮೊಸರು. ಸುರುಳಿ ಸುತ್ತಿ ಕಾಗದದಲ್ಲಿ ಇಟ್ಟು ಕೊಟ್ಟರು. ನಾನು ಕಾಗದ ಬಿಚ್ಚಿದೆ, ರೊಟ್ಟಿಯನ್ನೂ ಬಿಚ್ಚಿ ತೊಡೆಯ ಮೇಲೆ ಹರವಿದೆ, ತುಂಡು ಮುರಿದು ಪಲ್ಯ ಹಚ್ಚಿ ತಿನ್ನತೊಡಗಿದೆ. ಹೊನ್ನೂರಮ್ಮನೂ ಅಷ್ಟೇ. ರೊಟ್ಟಿ ತಿನ್ನುವುದು ಇನ್ನು ಹೇಗೆ? ಜಿಲಾನಿಸಾಬರು ಇಣುಕಿ ನೋಡಿ ಹಣೆ ಹಿಡಿದುಕೊಂಡರು.

“ಬಿಚ್ಚಬ್ಯಾಡ್ರವ್ವ. ಹಿಂಗ ಹಿಡಕೊಂಡು ಕಡದು ತಿನ್ನಬೇಕು.”

“ನಾವೇನು ಕಬ್ಬು ತಿನ್ನಾಕತ್ತೀವೇನ್ರಿ ಮಾಮಾ?” ಅಂದಳು ಹೊನ್ನೂರಮ್ಮ.

“ಊರಿಗೂರ ಬಿಚ್ಚಾಕತ್ತೈತಿ” ಅಂತ ಅವರು ಗೊಣಗಿಕೊಂಡು ಹೋದರು. ಯಾಕೆ ಅಷ್ಟು ಬೇಜಾರು ಅನ್ನುವುದು ಆಮೇಲೆ ತಿಳಿಯಿತು. ಬಂಡಿಯ ಮುಂದೆ ಹಾಸ್ಟೆಲ್ ಹುಡುಗರ ಗುಂಪು. ಅವರು ದಿನಾ ಉಣ್ಣುವುದು ಖಾನಾವಳಿಯಲ್ಲಿ. ಖಾನಾವಳಿಯಲ್ಲಿ ರೊಟ್ಟಿಗೆ ಲೆಕ್ಕ, ಪಲ್ಯಕ್ಕೆ ಲೆಕ್ಕವಿಲ್ಲ, ಕೇಳಿದಷ್ಟು ಹಾಕುತ್ತಾರೆ. ಇಲ್ಲೂ ಅದೇ ಶುರು ಮಾಡಿದ್ದರು. ಸುರುಳಿ ಬಿಚ್ಚಿ ಪಲ್ಯವನ್ನೆಲ್ಲ ತಿಂದು, ಉಳಿದ ರೊಟ್ಟಿ ಮುಂದೆ ಚಾಚಿ, “ಮಾಮಾ, ಪಲ್ಯ ಹಾಕ್ರಿ” ಅನ್ನುವುದು. ಜಿಲಾನಿಸಾಬರು ಹಾಕುವುದು. ಉಣ್ಣುವವರಿಗೆ ಇಲ್ಲ ಅನ್ನಲು ಅವರಿಗೆ ಬಾಯಿ ಬರುವುದಿಲ್ಲ. ಒಬ್ಬನಿಗೆ ಮೂರನೆಯ ಸಲ ಹಾಕಿದ್ದನ್ನು ಚಾದರದ ಸಂದಿಯಿಂದ ನೋಡಿದೆ. ಅಖ್ತರ್ ಕಣ್ಣಲ್ಲಿ ನೀರು ತಂದುಕೊಂಡು, “ಹಿಂಗಾದ್ರ ನಮ್ಮ ಮಾಮು ರಂಜಾನ್‌ದೊಳಗ ಅಂಗಡಿ ಮುಚ್ಚತಾರ” ಅಂದಳು.

ಆಗ ಹುಲಿಯ ಹಿಂದಿನಿಂದ ಒಂದು ದನಿ ಬಂತು: “ಸುರುಳಿ ಬಿಚ್ಚಿದವರಿಗೆ ಪಲ್ಯ ಇಲ್ಲ. ಖಾನಾವಳಿ ಮುಂದಿನ ಓಣ್ಯಾಗೈತಿ, ಅಲ್ಲಿಗೆ ಹೋಗ್ರಿ.”

ನನ್ನದೇ ದನಿ. ಹೊರಗೆ ಒಬ್ಬ ಮೆಲ್ಲಗೆ, “ಒಳಗ ಯಾರದಾರ್ರಿ?” ಅಂದ.

“ಮಾಲಕರು” ಅಂದರು ಜಿಲಾನಿಸಾಬರು. “ಅವರ ಮಾತಿನ ಮುಂದ ನಂದೇನೂ ನಡಿಯಂಗಿಲ್ಲಪ.”

ಹೊನ್ನೂರಮ್ಮ ನಕ್ಕು ನಕ್ಕು ಬೆಂಚಿನಿಂದ ಬಿದ್ದಳು.

೨೧ ಜನವರಿ

ಈ ಬಾಯಿಗೆ ಬೆಂಕಿ ಬೀಳಲಿ. ಸಂತೆಯಂಥ ಜಾಗದಲ್ಲಿ ಗಂಡುಹುಡುಗರಿಗೆ ಕೂಗಿ ಹೇಳಿದೆನಲ್ಲ. ಯಾರಾದರೂ ಮಸ್ಕಿಯವರು ಅಲ್ಲಿದ್ದರೆ ನನ್ನ ಪರೀಕ್ಷೆ ಮುಗಿದಂತೆಯೇ. ಇವತ್ತು ಹಾಜರಿಗೂ ಬರೇ ಕೈ ಎತ್ತಿದೆ.

೩ ಫೆಬ್ರವರಿ, ಸೋಮವಾರ

ಜಿಲಾನಿಸಾಬರು ಬೋರ್ಡು ಬರೆಸಿದ್ದಾರೆ. ದಪ್ಪ ಕೆಂಪು ಅಕ್ಷರದಲ್ಲಿ: ‘ಸುರುಳಿ ಬಿಚ್ಚಿದವರಿಗೆ ಪಲ್ಯವಿಲ್ಲ’. ಕೆಳಗೆ ಸಣ್ಣದಾಗಿ ‘ಮಾಲಕರ ಅಪ್ಪಣೆ’. ಹುಡುಗರು ಅದನ್ನು ಓದಿ ನಗುತ್ತಾರೆ, ಆದರೆ ಸುರುಳಿ ಬಿಚ್ಚದೆ ಕಚ್ಚಿ ತಿನ್ನುತ್ತಾರೆ. ಮೊಸರು ಮೊಣಕೈಗೆ ಇಳಿಯುತ್ತದೆ, ನೆಕ್ಕಿಕೊಳ್ಳುತ್ತಾರೆ. ನಾವೂ ಕಲಿತೆವು. ಹೊನ್ನೂರಮ್ಮ ಒಂದರ ಮೇಲೆ ಇನ್ನೊಂದು ತಿಂದು, “ಮಾಲಕರ ಗೆಳತಿಗಿ ರಿಯಾಯ್ತಿ ಇಲ್ಲೇನ್ರಿ?” ಅಂತ ಕೇಳಿದಳು. ಹಿಂದಿನ ಜನ್ಮದಲ್ಲಿ ಗೋಧಿ ಗಿರಣಿಯಾಗಿದ್ದೆಯೇನೇ ಅಂದೆ. ಅಷ್ಟೇ, ಬೇರೇನೂ ಮಾತಾಡಲಿಲ್ಲ. ವಾಪಸು ಬರುವಾಗ ಚರಿತ್ರೆ ಮೇಷ್ಟ್ರು ಕನ್ನಡಕ ಹುಡುಕುವ ರೀತಿ ಮಾಡಿ ತೋರಿಸಿದೆ, ಅದೂ ಅವರಿಬ್ಬರೂ ಕೇಳಿದ್ದಕ್ಕೆ.

ಮನೆಗೆ ಬಂದರೆ ಅತ್ತೆ ಮೂಗು ಏರಿಸಿದಳು. “ಬೆಳ್ಳುಳ್ಳಿ ವಾಸನಿ. ಎಲ್ಲಿ ತಿಂದಿ?” ಸುಳ್ಳು ಹೇಳಲು ಬಾಯಿ ಬರಲಿಲ್ಲ, ಎಲ್ಲ ಹೇಳಿದೆ. ಅತ್ತೆ ಗಂಟೆಗಟ್ಟಲೆ ಲಿಂಗಪೂಜೆ ಮಾಡುವವಳು. ಉಟ್ಟ ಸೀರೆಗೆ ಯಾರಾದರೂ ತಗುಲಿದರೂ ಸ್ನಾನಕ್ಕೆ ಹೋಗುವವಳು. ಇವತ್ತೇ ಅಪ್ಪನಿಗೆ ಹೇಳಿ ಕಳಿಸುತ್ತಾಳೆ ಅಂದುಕೊಂಡೆ. ಆದರೆ ಅವಳು, “ಮಾಂಸದ ಹೆಂಚು ಬ್ಯಾರೆ ಐತಿ ಅಂತ ಕಣ್ಣಾರೆ ನೋಡಿದೇನು?” ಅಂತ ಮಾತ್ರ ಕೇಳಿದಳು.

೧೬ ಫೆಬ್ರವರಿ, ಭಾನುವಾರ

ಅಪ್ಪ ಬಂದಿದ್ದ. ಸಂಬಂಧ ಕೂಡಿಸುವ ಮರಿಸ್ವಾಮಿಗಳು ಒಂದು ಮನೆತನ ತಂದಿದ್ದಾರಂತೆ. ವಳಕಮದಿನ್ನಿಯವರು, ಕಾಲುವೆ ನೀರಿನ ಗದ್ದೆ ಇದ್ದವರು. ಬರುವ ತಿಂಗಳು ಭತ್ತದ ಕೆಲಸ ನೋಡಿಕೊಂಡು ಬರುತ್ತಾರಂತೆ. ನನ್ನನ್ನು ಅಂಗಳಕ್ಕೆ ಕರೆದು ಅಪ್ಪ ಹೇಳಿದ, “ಆಗಿದ್ದು ಆತು. ಈ ಸಲ ಬಾಯಿಗೆ ಬೀಗ ಹಾಕ್ಕೊ ಪಾರು. ನನ್ನ ಮುಖ ನೋಡಿ.”

ಅಪ್ಪ ಸೊರಗಿದ್ದಾನೆ. ಮಸ್ಕಿಯಲ್ಲಿ ನಮ್ಮ ಕಿರಾಣಿ ಅಂಗಡಿಗೆ ಬಂದ ಗಿರಾಕಿಗಳೂ ಸಕ್ಕರೆ ಕಟ್ಟಿಸಿಕೊಳ್ಳುತ್ತಾ ನನ್ನ ವಿಷಯ ಕೇಳುತ್ತಾರಂತೆ. ನನಗೆ ಬಹಳ ಕೆಟ್ಟದೆನಿಸಿತು. ಪರೀಕ್ಷೆಯ ಮಾತು ಎತ್ತಬೇಕೆಂದಿದ್ದೆ, ಆ ಮುಖ ನೋಡಿ ಎತ್ತಲಿಲ್ಲ. ಆಗಲಿ ಅಪ್ಪಾ ಅಂದೆ.

೯ ಮಾರ್ಚ್, ಸೋಮವಾರ

ರಂಜಾನಿನ ಉಪವಾಸ, ರೋಜಾ, ಶುರುವಾಗಿದೆ. ಬಂಡಿ ಸಂಜೆಗೆ ಮಾತ್ರ ತೆರೆಯುತ್ತದೆ, ತಯಾರಿ ಮಧ್ಯಾಹ್ನ ಅಖ್ತರಳ ಮನೆಯ ಅಂಗಳದಲ್ಲಿ. ಉಪವಾಸವಿದ್ದವರು ಉಪ್ಪು ನೋಡುವಂತಿಲ್ಲ ಅಂತ ಜಿಲಾನಿಸಾಬರ ಪಟ್ಟು. ಮೊನ್ನೆ ಅಂದಾಜಿನ ಮೇಲೆ ಹಾಕಿ ಮೊಸರೆಲ್ಲ ಕಡಲ ನೀರಾಗಿತ್ತಂತೆ, ಗಿರಾಕಿಗಳು ಕಾಗದ ಸಹಿತ ಬಿಸಾಕಿ ಹೋದರಂತೆ. ಮನೆಯಲ್ಲಿ ಎಲ್ಲರೂ ರೋಜಾ. ಹಾಗಾಗಿ ಕಾಲೇಜು ಬಿಟ್ಟ ಕೂಡಲೇ ಹೊನ್ನೂರಮ್ಮನನ್ನೂ ನನ್ನನ್ನೂ ಹಿಡಿದು ತಂದರು.

ರುಚಿ ನೋಡಲು ಹೊನ್ನೂರಮ್ಮ ದಂಡ. ಏನು ಕೊಟ್ಟರೂ, “ಭಾಳ ಚೊಲೊ ಆಗೇತ್ರಿ, ಇನ್ನೊಂದಿಷ್ಟು ಹಾಕ್ರಿ.” ಆಮೇಲೆ ಬಟ್ಟಲು ನನ್ನ ಮುಂದೆ ಬಂತು. ಅಖ್ತರಳ ಅವ್ವ ಸಕೀನಾಬೀ, “ಹೊಸ ಪಾತೇಲಿ ಅವ್ವಾ, ಸೋಮವಾರದ ಅಡಗಿಗೇ ಇಟ್ಟದ್ದು” ಅಂದರು. ನಾನು ನಾಲಗೆಗೆ ಹಚ್ಚಿಕೊಂಡು ತಲೆ ಅಲ್ಲಾಡಿಸಿದೆ.

ಜಿಲಾನಿಸಾಬರು ಒಪ್ಪಲಿಲ್ಲ. “ತಲಿ ಅಲ್ಲಾಡಿಸಿದ್ರ ನನಗ ತಿಳಿಯಂಗಿಲ್ಲ ಬೇಟಿ. ಬಾಯಿಲೆ ಹೇಳು. ನಿನ್ನ ಬಾಯಿನ ಮ್ಯಾಲೆ ಇವತ್ತಿನ ಅಂಗಡಿ ನಿಂತೈತಿ.”

ನನ್ನ ಬಾಯಿಯ ಮೇಲೆ. ನನಗೆ ನಗು ಬಂತೋ ಅಳು ಬಂತೋ ತಿಳಿಯಲಿಲ್ಲ. ಕೇಳಿದರು ಅಂತ ಹೇಳಿದೆ. ಉಪ್ಪು ಕಡಿಮೆ, ಸೌತೆಕಾಯಿ ಹಿಂಡಿಲ್ಲ, ಅದಕ್ಕೇ ಮೊಸರು ನೀರು ಬಿಟ್ಟಿದೆ. ಆಲೂಗಡ್ಡೆಗೆ ಖಾರವಿಲ್ಲ, ಸಿಂಧನೂರಿನವರು ಇದನ್ನು ಕಾಯಿಲೆಯವರ ಊಟ ಅಂತಾರೆ. ಬೆಳ್ಳುಳ್ಳಿ ಗಂಟಲಿಗೆ ಹತ್ತುತ್ತದೆ. ನಾನು ಹೇಳುತ್ತಾ ಹೋದೆ, ಅವರು ಒಂದೊಂದೇ ಸರಿಮಾಡುತ್ತಾ ಹೋದರು, ನಾನು ಮತ್ತೆ ಮತ್ತೆ ರುಚಿ ನೋಡಿದೆ. ಯಾರೂ ಬಾಯಿ ಜೋರು ಅನ್ನಲಿಲ್ಲ. ಬೆಳ್ಳುಳ್ಳಿಯೊಂದು ಬಗೆಹರಿಯಲಿಲ್ಲ.

೧೬ ಮಾರ್ಚ್, ಸೋಮವಾರ

ಅತ್ತೆಗೆ ರುಚಿ ನೋಡುವ ಕಥೆ ಹೇಳಿದ್ದೆ. ಇವತ್ತು ಬೆಳಿಗ್ಗೆ ವಿಭೂತಿ ಹಚ್ಚಿಕೊಳ್ಳುತ್ತಾ ತನ್ನಷ್ಟಕ್ಕೆ ತಾನೇ ಅನ್ನುವಂತೆ, “ಬೆಳ್ಳುಳ್ಳಿ ಹಸೀದ ಹಾಕಿದ್ರ ಗಂಟಲಕ್ಕ ಹತ್ತತೈತಿ. ಸಿಪ್ಪಿ ಸಮೇತ ಕೆಂಡದಾಗ ಸುಟ್ಟು ಜಜ್ಜಬೇಕು. ಹೇಳು ಹೋಗಿ ಅವರಿಗೆ” ಅಂದಳು. ಹೇಳಿದೆ. ಸುಟ್ಟು ಹಾಕಿದರು. ಬಂಡಿಯ ಮುಂದೆ ಸಂಜೆ ನಿಲ್ಲಲು ಜಾಗವಿರಲಿಲ್ಲ. ಹುಲಿ ಚಾದರ ಅಡ್ಡ ಬರುತ್ತದೆ ಅಂತ ತೆಗೆದಿಟ್ಟಿದ್ದಾರೆ, ನಾವು ಬಯಲಲ್ಲೇ ಕೂತು ತಿಂದೆವು. ಹಾಸ್ಟೆಲ್ ಹುಡುಗನೊಬ್ಬ ಉಳ್ಳಾಗಡ್ಡಿ ಹೆಚ್ಚು ಬೇಕು ಅಂತ ನನ್ನನ್ನೇ ಕೇಳಿದ. ಜಿಲಾನಿಸಾಬರಿಗೆ ಬಿಡುವಿರಲಿಲ್ಲ, ನಾನೇ ಹಾಕಿಕೊಟ್ಟು ಕಳಿಸಿದೆ.

ಚರಿತ್ರೆಯ ಎರಡನೆಯ ಪತ್ರಿಕೆ ಇನ್ನೂ ಅರ್ಧ ಉಳಿದಿದೆ. ರಾತ್ರಿ ಓದುತ್ತೇನೆ.

೨೧ ಮಾರ್ಚ್, ಶನಿವಾರ

ನಾಳೆ ಬರುತ್ತಾರೆ. ಅತ್ತೆ ಪಾಠ ಮಾಡಿಸಿದಳು. ಹೆಸರು ಕೇಳಿದರೆ ಹೆಸರು, ಅಡಿಗೆ ಬರುತ್ತದೆಯೇ ಅಂದರೆ ಹೂಂ, ಉಳಿದದ್ದಕ್ಕೆಲ್ಲ ನೆಲ ನೋಡುವುದು. ಅಪ್ಪನಿಗೆ ಮಾತು ಕೊಟ್ಟಿದ್ದೇನೆ, ಸುಮ್ಮನಿರುತ್ತೇನೆ.

೨೨ ಮಾರ್ಚ್, ಭಾನುವಾರ

ಆಯಿತು. ಮುಗಿಯಿತು. ಆದದ್ದನ್ನು ಆದ ಹಾಗೆ ಬರೆಯುತ್ತೇನೆ.

ಅತ್ತೆಯ ಮನೆಗೇ ಐದು ಜನ ಬಂದಿದ್ದರು. ಮಾತೆಲ್ಲ ಹುಡುಗನ ದೊಡ್ಡಪ್ಪನದೇ. ಹುಡುಗ ಒಳ್ಳೆಯವನಂತೆ ಕಂಡ, ತನ್ನ ಮೊಣಕಾಲು ನೋಡುತ್ತಾ ಕೂತಿದ್ದ. ನಾನು ಚಹಾ ಕೊಟ್ಟೆ, ಹೆಸರು ಹೇಳಿದೆ, ಹೂಂ ಅಂದೆ, ನೆಲ ನೋಡಿದೆ. ದೊಡ್ಡಪ್ಪನಿಗೆ ಬಹಳ ಹಿಡಿಸಿತು. “ಲಿಂಗಸುಗೂರಿನವ್ರು ಸುಳ್ಳ ಹಬ್ಬಿಸ್ಯಾರ್ರಿ ಸೂಗಪ್ಪನವರ. ಹುಡುಗಿ ಎಷ್ಟು ಸಂಭಾವಿತಳು. ಬಾಯಾಗ ನಾಲಿಗೆ ಐತೋ ಇಲ್ಲೋ ಅನ್ನಂಗದಾಳ” ಅಂದ. ಮರಿಸ್ವಾಮಿಗಳು ಹಿಗ್ಗಿದರು. ಅಪ್ಪ ಎಷ್ಟೋ ತಿಂಗಳ ಮೇಲೆ ನಕ್ಕ. ನನಗೆ ಮಾತ್ರ ಯಾರೋ ಬೇರೆ ಹುಡುಗಿಯನ್ನು ಹೊಗಳುವುದನ್ನು ಬಾಗಿಲ ಮರೆಯಿಂದ ಕೇಳಿದ ಹಾಗಿತ್ತು.

ಆಮೇಲೆ ದೊಡ್ಡಪ್ಪ, “ಯುಗಾದಿ ಆಗಿ ಒಂದ ವಾರಕ್ಕ ಲಗ್ನ ಇಟ್ಕೊಳ್ಳೋಣು. ಪರೀಕ್ಷಾ ಗಿರೀಕ್ಷಾ ಎಲ್ಲ ಬಿಡಿಸಿಬಿಡ್ರಿ, ನಮ್ಮನ್ಯಾಗ ಆಕಿ ಏನು ಕಾಗದ ಓದೂದೈತಿ?” ಅಂದ.

ಅಪ್ಪ ಅರೆಗಳಿಗೆ ನನ್ನ ಕಡೆ ನೋಡಿದ. ಆಮೇಲೆ ಚಾಪೆ ನೋಡಿದ. “ಆಗ್ಲಿ ಬಿಡ್ರಿ” ಅಂದ.

“ಅಪ್ಪಾ, ಪರೀಕ್ಷಾ ಏಪ್ರಿಲ್ ಇಪ್ಪತ್ತಕ್ಕ ಐತಿ. ನಾ ಬರೀತೀನಿ” ಅಂದೆ.

ಕೂಗಲಿಲ್ಲ, ಸಿಟ್ಟೂ ಮಾಡಲಿಲ್ಲ. ಉಪ್ಪು ಕಡಿಮೆ ಅಂತ ಹೇಳಿದಷ್ಟೇ ಸಾದಾ ಹೇಳಿದೆ. ದೊಡ್ಡಪ್ಪ ಕಪ್ಪು ಕೆಳಗಿಟ್ಟ.

“ನಿನ್ನ ಯಾರು ಕೇಳಿದ್ರವ್ವ?”

“ಯಾರೂ ಕೇಳಲಿಲ್ರಿ. ಅದಕ್ಕ ಹೇಳಿದೆ.”

ಈ ಸಲ ಯಾರೂ ನಗಲಿಲ್ಲ. ಹುಡುಗ ಮೊದಲ ಸಲ ತಲೆ ಎತ್ತಿ ನೋಡಿದ, ಅಷ್ಟೇ. ಅತ್ತೆ ಉಪ್ಪಿಟ್ಟು ತರುವಷ್ಟರಲ್ಲಿ ಎಲ್ಲರೂ ಚಪ್ಪಲಿ ಮೆಟ್ಟಿದ್ದರು. ಮರಿಸ್ವಾಮಿಗಳು ಹೊಸ್ತಿಲಲ್ಲಿ ನಿಂತು, “ಅಶೋಕನ ಊರಿನವಳು, ನಮ್ಮ ಮಾತು ಕೇಳ್ತಾಳೇನು?” ಅಂದು ಹೋದರು. ಅಪ್ಪ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಚೀಲ ಹೆಗಲಿಗೆ ಹಾಕಿಕೊಂಡು ಬಸ್ ನಿಲ್ದಾಣಕ್ಕೆ ನಡೆದ. ಹಿಂದಿನಿಂದ ನೋಡಿದರೆ ಮುದುಕನಾಗಿದ್ದಾನೆ. ಪುಸ್ತಕ ಕಟ್ಟಿಡು ಅಂತ ನಾಳೆಯೋ ನಾಡಿದ್ದೋ ಹೇಳಿ ಕಳಿಸುತ್ತಾನೆ. ನಾನು ಸುಧಾರಿಸುವ ಪೈಕಿಯಲ್ಲ. ಉಪ್ಪಿಟ್ಟು ಅತ್ತೆಯೂ ತಿನ್ನಲಿಲ್ಲ, ನಾನೂ ತಿನ್ನಲಿಲ್ಲ.

೨೩ ಮಾರ್ಚ್, ಸೋಮವಾರ

ಅಖ್ತರ್ ಓಡಿ ಬಂದು ಹೇಳಿದ್ದು. ನಿನ್ನೆ ಸಂಜೆ ಅಪ್ಪ ಬಸ್ಸಿಗೆ ಕಾಯುತ್ತಾ ಬಂಡಿಯ ಹತ್ತಿರ ನಿಂತಿದ್ದನಂತೆ. ನಿನ್ನೆ ಮಾಂಸದ ದಿನ, ಹಾಗಾಗಿ ದೂರವೇ ನಿಂತು ಬೋರ್ಡು ಓದಿದನಂತೆ. “ಈ ಮಾಲಕರು ಯಾರ್ರಿ?” ಅಂತ ಕೇಳಿದನಂತೆ.

ಕೇಳುತ್ತಿರುವವನು ನನ್ನ ಅಪ್ಪ ಅಂತ ಜಿಲಾನಿಸಾಬರಿಗೆ ಗೊತ್ತೇ ಇಲ್ಲ. “ಮಸ್ಕಿ ಕಡಿ ಹುಡುಗಿ ಒಬ್ಬಾಕಿ, ನಮ್ಮ ಅಖ್ತರ್ ಜೋಡಿ ಓದ್ತಾಳ್ರಿ. ನಾ ಸುಮ್ಮನಿದ್ದು ಸುಮ್ಮನಿದ್ದು ಅಂಗಡಿ ಮುಳುಗಿಸಾಕತ್ತಿದ್ದೆ. ಆಕಿ ಒಂದ ಮಾತು ಅಂದ್ಲು, ಉಳೀತು. ಖರೇ ಮಾತು ಹೇಳೂ ಮಂದಿ ಕಮ್ಮಿ ಅದಾರ್ರಿ ಸಾವಕಾರ್ರ” ಅಂದರಂತೆ. ಅಪ್ಪ “ಹೌದೇನು” ಅಂದನಂತೆ. ಬಸ್ಸು ಬಂದು ನಿಂತರೂ ಹತ್ತಲಿಲ್ಲವಂತೆ, ಅದರ ಮುಂದಿನದಕ್ಕೆ ಹೋದನಂತೆ.

ಇದರಿಂದ ಒಳ್ಳೆಯದಾಯಿತೋ ಕೆಟ್ಟದಾಯಿತೋ ನನಗೆ ತಿಳಿಯದು. ಮಗಳು ಬೀದಿಯ ಬಂಡಿಗೆ ಮಾಲಕಳಾಗಿದ್ದಾಳೆ ಅಂತ ತಿಳಿಯಿತಲ್ಲ. ಹೊನ್ನೂರಮ್ಮ, “ಪುಸ್ತಕ ಕಟ್ಟಿಸಿದ್ರ ನಮ್ಮೂರಿಗೆ ಬಾ, ನಮ್ಮ ಗದ್ಯಾಗ ಕುಂತು ಓದೀಯಂತ” ಅಂದಳು. ಅವಳ ಕೈ ಹಿಡಿದುಕೊಂಡು ಅತ್ತುಬಿಟ್ಟೆ. ಸಂಜೆ ಹೋಗಿ ರುಚಿ ನೋಡಿ ಬಂದೆ. ಖಾರ ಹೆಚ್ಚಾಗಿತ್ತು.

೫ ಏಪ್ರಿಲ್, ಭಾನುವಾರ
ಮಸ್ಕಿ

ಯುಗಾದಿಗೆ ಊರಿಗೆ ಬಂದೆ. ಅಪ್ಪ ಕರೆಸಿದ ಅಂದಾಗಲೇ ಓದು ಮುಗಿಯಿತು ಅಂದುಕೊಂಡೆ, ಪುಸ್ತಕಗಳನ್ನೆಲ್ಲ ಗಂಟು ಕಟ್ಟಿಯೇ ತಂದಿದ್ದೆ. ನಿನ್ನೆ ಬೇವುಬೆಲ್ಲ ಕೊಡುವಾಗಲೂ ಆತ ಪರೀಕ್ಷೆಯ ಮಾತು ಎತ್ತಲಿಲ್ಲ. ನಾನೂ ಕೇಳಲಿಲ್ಲ.

ಇವತ್ತು ಬೆಳಿಗ್ಗೆ ಅಂಗಡಿಗೆ ಮರಿಸ್ವಾಮಿಗಳು ಬಂದರು. ಅಂಗಡಿಯ ಹಿಂದಿನ ಬಾಗಿಲು ನಮ್ಮ ಅಡಿಗೆಮನೆಗೇ ತೆರೆಯುತ್ತದೆ. ಅವ್ವ ಹೋಳಿಗೆ ಬಿಸಿ ಮಾಡುತ್ತಿದ್ದಳು, ನಾನು ಕಟ್ಟಿಗೆ ಸರಿಸುತ್ತಿದ್ದೆ. ಎಲ್ಲ ಕೇಳಿಸಿತು.

“ಇನ್ನೊಂದು ಮನೆತನ ಐತಿ ಸೂಗಪ್ಪ. ಚೊಲೊ ಮಂದಿ. ಆದ್ರ ಈ ಸಲ ಹುಡುಗಿ ತುಟಿ ಬಿಚ್ಚಂಗಿಲ್ಲ ಅಂತ ನೀ ಮಾತು ಕೊಟ್ರನ ನಾ ಮುಂದ ಹೋಗಾಂವ.”

ತಕ್ಕಡಿಯ ಸದ್ದು ನಿಂತಿತು. ಅಪ್ಪ ಏನೋ ಕಟ್ಟಿ ಗಿರಾಕಿಗೆ ಕೊಟ್ಟು ಕಳಿಸಿದ.

“ಮಾತು ಕೊಡಂಗಿಲ್ರಿ ಸ್ವಾಮಿ” ಅಂದ ಅಪ್ಪ. “ನನ್ನ ಮಗಳು ಮಾತಾಡ್ತಾಳ. ಅದನ್ನ ಮುಚ್ಚಿಟ್ಟು ಎರಡು ಸಲ ಮರ್ಯಾದಿ ಕಳಕೊಂಡೆ. ಈಗ ನೀವು ಮೊದಲ ಅದನ್ನ ಹೇಳ್ರಿ ಅವರಿಗೆ. ಕೇಳಿಸಿಕೊಳ್ಳೋ ಮಂದಿ ಇದ್ರ ಕರ್ಕೊಂಡು ಬರ್ರಿ. ಅದೂ ಪರೀಕ್ಷಾ ಮುಗದ ಮ್ಯಾಲೆ.”

“ಹಂಗಂದ್ರ ಯಾರು ಬರ್ತಾರೋ ಮಾರಾಯ?”

“ಬರದಿದ್ರ ಬಿಡ್ರಿ. ಕುಂದರ್ರಿ, ಹೋಳಿಗಿ ತಿಂದು ಹೋಗೀರಂತ.”

ಅವ್ವ ನನ್ನ ಕಡೆ ನೋಡಿದಳು. ನಾನು ಒಲೆಯ ಹೊಗೆಯ ನೆಪ ಮಾಡಿ ಸೆರಗಿನಿಂದ ಕಣ್ಣೊತ್ತಿಕೊಂಡೆ. ಸಂತೋಷಕ್ಕೆ ಒಂದು ಅಕ್ಷರ ಬಾಯಿಗೆ ಬರಲಿಲ್ಲ. ಅಷ್ಟರಲ್ಲಿ ಅಪ್ಪ ಹೋಳಿಗೆಯ ತಟ್ಟೆ ಒಯ್ಯಲು ತಾನೇ ಒಳಗೆ ಬಂದ. ನನ್ನನ್ನು ನೋಡಿ ಬಾಗಿಲಲ್ಲೇ ನಿಂತ.

“ಯಾಕ ಪಾರು, ಸುಮ್ಮನ ಕುಂತಿ? ಏನರ ಮಾತಾಡವ್ವ.”

ಮಧ್ಯಾಹ್ನದ ಬಸ್ಸಿಗೆ ಸಿಂಧನೂರಿಗೆ ಹೋಗಬೇಕು, ಓದುವುದು ಬಹಳ ಉಳಿದಿದೆ ಅಂದೆ.